ಹರ್-2 ಸ್ಟೇನ್: ಬಣ್ಣಕ್ಕಿಂತ ಮೊದಲು ಫಾರ್ಮಲಿನ್

ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಕೋಶದ ಪೊರೆಯ ತುಂಬ ಹರ್-2 ಎಂಬ ಗ್ರಾಹಕಗಳು (ಸಂಕೇತ ಹಿಡಿಯುವ ಪ್ರೋಟೀನುಗಳು) ಕಿಕ್ಕಿರಿದಿರುತ್ತವೆ. ಹೊರಗಿನಿಂದ ಸಂಕೇತದ ಅಣು ಬರಲಿ ಬಿಡಲಿ, ಇಷ್ಟು ಒತ್ತೊತ್ತಾಗಿದ್ದರೆ ತಮ್ಮತಮ್ಮಲ್ಲೇ ಜೋಡಿಯಾಗಿ ‘ಬೆಳೆ, ಒಡೆ’ ಎಂಬ ಸುದ್ದಿಯನ್ನು ಒಳಕ್ಕೆ ಕಳಿಸುತ್ತಲೇ ಇರುತ್ತವೆ. ಟ್ರಾಸ್ಟುಜುಮಾಬ್ ಎಂಬ ಔಷಧಿ ಕೂರುವುದು ಈ ಗ್ರಾಹಕದ ಮೇಲೆಯೇ. ಗಡ್ಡೆಯಲ್ಲಿ ಅದು ಎಷ್ಟಿದೆ ಎಂದು ಬಣ್ಣ ಹಿಡಿಸಿ (ಸ್ಟೇನ್) ನೋಡಿ ಹೇಳುವವರು ನಾವು. ಹಾಗಾಗಿ ನಮ್ಮ ವರದಿ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಬಳ್ಳಾರಿಯ ನಮ್ಮ ಲ್ಯಾಬಿಗೆ ಸಿಂಧನೂರು, ಗಂಗಾವತಿ ಕಡೆಯಿಂದ ಗಡ್ಡೆಗಳ ಡಬ್ಬಿಗಳೂ ಬರುತ್ತವೆ. ಕೆಡುವುದು ಬಹುಪಾಲು ನಮ್ಮ ಕೈಸೇರುವ ಮೊದಲೇ. ಗಡ್ಡೆ ತೆಗೆದ ಒಂದು ಗಂಟೆಯೊಳಗೆ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್‌ಗೆ ಬೀಳಬೇಕು. ಇಡೀ ಸ್ತನವನ್ನು ಹಾಗೇ ಮುಳುಗಿಸಿದರೆ ನಡುಭಾಗಕ್ಕೆ ಇಳಿಯುವುದಿಲ್ಲ, 5–10 ಮಿ.ಮೀ. ಅಂತರದಲ್ಲಿ ಕೊಯ್ದು, ಅಂಗಾಂಶದ ಹತ್ತು ಪಟ್ಟು ದ್ರವದಲ್ಲಿ 6ರಿಂದ 72 ಗಂಟೆ ಇಡಬೇಕು. ಸಲೈನ್‌ನಲ್ಲಿ ಬಂದ ತುಂಡಾದರೆ ವರದಿಯಲ್ಲಿ ಅದನ್ನು ಬರೆದೇ ಬಿಡುತ್ತೇವೆ.

ಕ್ಯಾನಿನ ಫಾರ್ಮಲಿನ್‌ಗೆ ಬೋರ್ ನೀರು ಬೆರೆಸುವ ರೂಢಿ ಬಿಡಬೇಕು. ನಾವು ಬೆರೆಸುವುದು ಹೀಗೆ: ಫಾರ್ಮಲಿನ್ 100 ಮಿ.ಲೀ., ಡಿಸ್ಟಿಲ್ಡ್ ವಾಟರ್ 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಹುಳಿ ತಡೆಯುವ ಆ ಫಾಸ್ಫೇಟ್ ಲವಣಗಳು (ಬಫರ್) ಇಲ್ಲದ ಫಾರ್ಮಲಿನ್ ಹುಳಿಗಟ್ಟಿ, ರಕ್ತವಿರುವಲ್ಲಿ ಕಂದುಗಪ್ಪು ಕಣ ಬಿಡುತ್ತದೆ. ಅನುಭವವಿಲ್ಲದ ಕಣ್ಣಿಗೆ ಅದೂ ಸ್ಟೇನ್ ಥರವೇ ಕಾಣುತ್ತದೆ.

ಅಂಗಾಂಶವನ್ನು ಮೇಣದ ಬ್ಲಾಕ್ ಮಾಡಿದ ಮೇಲೆ 4 ಮೈಕ್ರಾನ್ ಸೆಕ್ಷನ್ (ತೆಳು ಪದರ), ಅದು ಗಟ್ಟಿಯಾಗಿ ಅಂಟುವ ಚಾರ್ಜ್ಡ್ ಸ್ಲೈಡ್, 60 ಡಿಗ್ರಿಯಲ್ಲಿ ಒಂದು ಗಂಟೆ. ಫಾರ್ಮಲಿನ್ ಮುಚ್ಚಿಟ್ಟ ಹರ್-2 ಮತ್ತೆ ತೆರೆದುಕೊಳ್ಳಲು ಪಿಎಚ್ 9ರ ಟ್ರಿಸ್-ಇಡಿಟಿಎ ದ್ರವದಲ್ಲಿ ಕುಕ್ಕರ್‌ನಲ್ಲಿ ಕುದಿಸಿದ ಮೇಲೆ, ಅದೇ ದ್ರವದಲ್ಲಿ 20 ನಿಮಿಷ ಆರಲು ಬಿಡಬೇಕು. ಬಿಸಿ ಸ್ಲೈಡನ್ನು ತಣ್ಣೀರಿಗೆ ಹಾಕಿದರೆ ಸೆಕ್ಷನ್ ಎದ್ದುಬರುತ್ತದೆ. ಆಮೇಲೆ ಪೆರಾಕ್ಸೈಡ್, ಹರ್-2ಗೆ ಅಂಟುವ ಆ್ಯಂಟಿಬಾಡಿ, ಅದನ್ನು ಹಿಡಿಯುವ ಪಾಲಿಮರ್, ಕಂದು ಬಣ್ಣ ಕೊಡುವ ಡಿಎಬಿ. ಸಮಯವೆಲ್ಲ ಕಿಟ್‌ನಲ್ಲಿ ಇದ್ದಂತೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಸ್ಲೈಡ್ ಒಣಗುವುದೇ ಇಲ್ಲಿನ ದೊಡ್ಡ ಕಾಟ. ಅಂಚು ಒಣಗಿದರೆ ಅಂಚಷ್ಟೇ ಗಾಢ ಕಂದಾಗುತ್ತದೆ. ಫ್ಯಾನ್ ಆರಿಸಿ, ಮುಚ್ಚಳದ ಟ್ರೇಯಲ್ಲಿ ಒದ್ದೆ ಟಿಶ್ಯೂ ಹಾಸಿ.

ಓದುವಾಗ ಪೊರೆಯ ಬಣ್ಣ ಮಾತ್ರ ಲೆಕ್ಕಕ್ಕೆ, ಸೈಟೋಪ್ಲಾಸಂ ಎಷ್ಟೇ ಕಂದಾಗಿರಲಿ ಬಿಡಬೇಕು. ಹತ್ತು ಶೇಕಡಕ್ಕಿಂತ ಹೆಚ್ಚು ಕೋಶಗಳಲ್ಲಿ ಸುತ್ತಲೂ ಗಾಢವಾಗಿ, ಕೋಳಿಗೂಡಿನ ಜಾಲರಿಯಂತೆ ಕಂಡರೆ 3+, ಅಂದರೆ ಪಾಸಿಟಿವ್. ಪಕ್ಕದ ಸಹಜ ನಾಳಗಳೂ ಹಾಗೇ ಬಣ್ಣ ಹಿಡಿದಿದ್ದರೆ ಆ ರನ್ ರದ್ದು, ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಲೈಡ್ ಸಮೇತ ಮತ್ತೆ ಮಾಡಿ. ಸುತ್ತಲೂ ಇದ್ದು ಮಾಸಲಾಗಿದ್ದರೆ 2+, ಅಂದರೆ ಅನುಮಾನ. ಊಹಿಸಬೇಡಿ, ಹರ್-2 ಜೀನ್ ಎಣಿಸುವ ಪರೀಕ್ಷೆಯಾದ ಫಿಶ್‌ಗೆ ಕಳಿಸಿ. ಅದಕ್ಕೂ ಅದೇ ಬ್ಲಾಕ್ ಬೇಕು, ಹಾಗಾಗಿ ಮೊದಲೇ ಟ್ರಿಮ್ ಮಾಡಿ ಮುಗಿಸಬಾರದು.