ಫ್ರೀಸ್ಟೈಲ್ ವೇಗಕ್ಕೆ ನಾನು ಮೊದಲು ತಿದ್ದಿಕೊಂಡಿದ್ದು ತಲೆ, ಆಮೇಲೆ ಮೊಣಕೈ

ಫ್ರೀಸ್ಟೈಲ್‌ನಲ್ಲಿ ಈಜುವ ಟೈಮಿಂಗ್ ಇಳಿಸಬೇಕು ಅಂದಾಗ ಎಲ್ಲರೂ ಹೇಳೋದು ತೋಳಿನ ಶಕ್ತಿ ಬೆಳೆಸು ಅಂತ. ನಾನು ಆ ದಾರಿ ಹಿಡಿಯಲಿಲ್ಲ, ಲೆಕ್ಕ ಹಾಕಿ ನೋಡಿದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದರ ತಡೆ ಹೆಚ್ಚುಕಡಿಮೆ ವೇಗದ ವರ್ಗದಂತೆ ಏರುತ್ತದೆ. ಅಂದರೆ ವೇಗ 10 ಪರ್ಸೆಂಟ್ ಜಾಸ್ತಿ ಮಾಡಿದರೆ ತಡೆ 21 ಪರ್ಸೆಂಟ್ ಏರುತ್ತದೆ, ಅದನ್ನು ಮೀರಲು ಬೇಕಾದ ಪವರ್ ಸುಮಾರು 33 ಪರ್ಸೆಂಟ್ ಜಾಸ್ತಿ. ಅಷ್ಟನ್ನು ತೋಳು ಎಲ್ಲಿಂದ ತರಬೇಕು? ತಡೆ ಇಳಿಸೋದೇ ಸುಲಭ ಅಲ್ವಾ.

ಹಾಗಾಗಿ ಮೊದಲು ತಲೆ. ಶ್ವಾಸಕೋಶ ಇರೋದು ಎದೆಯಲ್ಲಿ, ಹಾಗಾಗಿ ನೀರು ನಮ್ಮನ್ನು ಎತ್ತುವುದು ಎದೆಯ ಹತ್ತಿರ. ಮೈಯ ತೂಕದ ಕೇಂದ್ರ ಮಾತ್ರ ಸೊಂಟದ ಕಡೆ. ಕಾಲು ಮುಳುಗುವುದು ಇದರಿಂದಲೇ, ಮುಳುಗಿದಷ್ಟೂ ತಡೆ ಜಾಸ್ತಿ. ಮುಂದೆ ನೋಡೋಕೆ ತಲೆ ಎತ್ತಿದರೆ ಇನ್ನೂ ಮುಳುಗುತ್ತದೆ. ನಾನು ಕಣ್ಣನ್ನು ಪೂಲಿನ ತಳಕ್ಕೆ ನೆಟ್ಟೆ. ಉಸಿರಿಗೆ ತಲೆ ಎತ್ತದೆ ಮೈ ಹೊರಳುವಾಗ ಅದರ ಜೊತೆಗೇ ತಿರುಗಿಸಿದೆ, ಗಾಗಲ್ಸ್‌ನ ಒಂದು ಗಾಜು ನೀರಲ್ಲೇ ಇರಬೇಕು. ಈಜುವಾಗ ತಲೆಯ ಮುಂದೆ ಅಲೆ ಎದ್ದು ಬಾಯಿಯ ಪಕ್ಕ ಒಂದು ತಗ್ಗು ಆಗುತ್ತದೆ, ಗಾಳಿ ಅಲ್ಲೇ ಸಿಗುತ್ತದೆ.

ಜಾಸ್ತಿ ಸಮಯ ತಿಂದಿದ್ದು ಕ್ಯಾಚ್, ಅಂದರೆ ಎಳೆಯೋಕೆ ಮುಂಚೆ ಕೈ ನೀರನ್ನು ಹಿಡಿಯುವ ಹಂತ. ಕೈ ನೀರೊಳಗೆ ಚಾಚಿದ ತಕ್ಷಣ ನೇರ ತೋಳಿನಿಂದ ಕೆಳಕ್ಕೆ ಒತ್ತಿದರೆ ಮೈ ಮೇಲಕ್ಕೆ ಏಳುತ್ತದೆ ಅಷ್ಟೇ. ಮುಂದೆ ಹೋಗಬೇಕಾದರೆ ನೀರು ಹಿಂದಕ್ಕೆ ಹೋಗಬೇಕು. ಅದಕ್ಕೆ ಮೊಣಕೈಯನ್ನು ನೀರಿನ ಮೇಲ್ಮೈ ಹತ್ತಿರವೇ ಉಳಿಸಿಕೊಂಡು, ಬೆರಳುಗಳನ್ನು ತಳದ ಕಡೆ ಇಳಿಸಿ, ದೊಡ್ಡ ಡ್ರಮ್ಮನ್ನು ಮೇಲಿಂದ ಅಪ್ಪಿಕೊಂಡ ಹಾಗೆ ತೋಳನ್ನು ಇಟ್ಟುಕೊಳ್ಳುತ್ತೇನೆ, ಎಳೆತ ಶುರುವಾಗೋದು ಆಮೇಲೆ. ಆಗ ಅಂಗೈ ಜೊತೆ ಮುಂದೋಳೂ ನೀರನ್ನು ತಳ್ಳುತ್ತದೆ. ಇದು ಮೈಗೆ ಹತ್ತಿದ್ದು ಮುಷ್ಟಿ ಕಟ್ಟಿ ಈಜಿದಾಗ. ಅಂಗೈ ಇಲ್ಲದಿದ್ದರೆ ಮುಂದೋಳು ಕೆಲಸ ಮಾಡಲೇಬೇಕು, ಬೇರೆ ದಾರಿ ಇಲ್ಲ. ಆಮೇಲೆ ಮುಷ್ಟಿ ಬಿಚ್ಚಿದರೆ ಕೈ ಸಿಕ್ಕಾಪಟ್ಟೆ ದೊಡ್ಡದಾದಂತೆ ಅನಿಸುತ್ತದೆ! ಬೆರಳುಗಳನ್ನು ಬಿಗಿಯಾಗಿ ಸೇರಿಸೋದು ಬೇಡ, ಸಣ್ಣ ಸಂದು ಇದ್ದರೆ ನಷ್ಟವಿಲ್ಲ. ಕೈಯನ್ನು ಹೆಬ್ಬೆರಳು ಮೊದಲಾಗಿ ನೀರಿಗೆ ಹಾಕೋದನ್ನೂ ಬಿಟ್ಟೆ, ಅದರಿಂದ ಭುಜ ಒಳಕ್ಕೆ ತಿರುಗಿ ಅಲ್ಲೇ ಒತ್ತಡ ಬೀಳುತ್ತದೆ.

ಇಂಗ್ಲಿಷ್ ಎಸ್ ಆಕಾರದಲ್ಲಿ ಎಳೀಬೇಕು ಅಂತ ಈಗಲೂ ಕೆಲವರು ಹೇಳ್ತಾರೆ. ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜ್‌ಗೆ ಕೋಚ್ ಆಗಿದ್ದ ಜೇಮ್ಸ್ ಕೌನ್ಸಿಲ್‌ಮನ್ 1970ರ ದಶಕದ ಹೊತ್ತಿಗೆ, ಕೈ ಪ್ರೊಪೆಲರ್‌ನಂತೆ ಅಡ್ಡಕ್ಕೆ ಸರಿದು ಬಲ ಹುಟ್ಟಿಸುತ್ತದೆ ಎಂದು ವಾದಿಸಿದ್ದರು. ಆಮೇಲೆ ನೀರನ್ನು ಹಿಂದಕ್ಕೆ ತಳ್ಳುವುದಕ್ಕೇ ಮಹತ್ವ ಬಂತು. ನಾನಂತೂ ಬೇಕಂತಲೇ ಎಸ್ ಬರೆಯಲ್ಲ. ಮೈ ಹೊರಳುವಾಗ ಬರುವ ಸಣ್ಣ ತಿರುವೇ ಸಾಕು.

ಕಿಕ್ ಬಗ್ಗೆ ಹೆಚ್ಚೇನಿಲ್ಲ: ಸೊಂಟದಿಂದ ಹೊಡೆಯಬೇಕು, ಪಾದದ ಕೀಲು ಸಡಿಲವಾಗಿರಬೇಕು.

ಕೊನೆಗೆ ಉಳಿದಿದ್ದು ಲಯ. ವೇಗ ಅಂದರೆ ಒಂದು ಸ್ಟ್ರೋಕಿಗೆ, ಅಂದರೆ ಕೈಯ ಒಂದು ಎಳೆತಕ್ಕೆ, ಸಾಗುವ ದೂರ, ಗುಣಿಸು ಸ್ಟ್ರೋಕಿನ ದರ. ಸ್ಟ್ರೋಕ್ ಕಡಿಮೆ ಮಾಡೋಕೆ ಅಂತ ಸುಮ್ನೆ ಜಾರುತ್ತಾ ಹೋದರೆ ಮಧ್ಯೆ ವೇಗ ಸತ್ತುಹೋಗುತ್ತದೆ. ಅದಕ್ಕೆ ಕ್ಯಾಪ್ ಒಳಗೆ ಬೀಪ್ ಮಾಡುವ ಪುಟ್ಟ ಯಂತ್ರ ಇಟ್ಟುಕೊಂಡು, ದರವನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾ, ಪೂಲಿನ ಪ್ರತಿ ಲೆಂಗ್ತಿಗೂ ಸ್ಟ್ರೋಕ್ ಮತ್ತು ಸಮಯ ಎರಡನ್ನೂ ಬರೆದುಕೊಂಡೆ. ದರ ಏರಿದರೂ ಸಮಯ ಇಳಿಯದ ಕಡೆ ಕ್ಯಾಚ್ ಜಾರುತ್ತಿದೆ ಎಂದರ್ಥ. ಆ ದರಕ್ಕಿಂತ ಒಂದು ಮೆಟ್ಟಿಲು ಕೆಳಗೆ ಬಂದು ಮತ್ತೆ ಮುಷ್ಟಿ ಕಟ್ಟಿ ಈಜುತ್ತೇನೆ.