ಇಂಗ್ಲೆಂಡಿನಲ್ಲಿದ್ದುಕೊಂಡೇ ಮಲೆನಾಡಿನ ಮೂಲ ಹುಡುಕೋದು ಹೇಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರು ಎಷ್ಟೋ ಜನ ಇದ್ದೀರಿ. ನಿಮ್ಮ ಮನೆತನದ ಹಿಂದಿನ ಕಥೆ ತಿಳಿಯೋ ಆಸೆಯಿದ್ದರೆ ಇಲ್ಲಿಯ ವ್ಯವಸ್ಥೆಯನ್ನು ಧಾರಾಳವಾಗಿ ಬಳಸಿಕೊಳ್ಳಿ. ಬಹುಪಾಲು ಪುಕ್ಕಟೆ.

ಶುರು ಮಾಡೋಕೆ ಸೆಪ್ಟೆಂಬರ್ ಒಳ್ಳೆಯ ತಿಂಗಳು. ಆಗ ಹೆರಿಟೇಜ್ ಓಪನ್ ಡೇಸ್ ನಡೆಯುತ್ತದೆ, 1994ರಿಂದಲೂ ಇದೆ. ಬೇರೆ ದಿನ ಬೀಗ ಹಾಕಿರೋ ಅಥವಾ ಟಿಕೆಟ್ ಕೇಳೋ ಹಳೇ ಮನೆ, ಗಿರಣಿ, ಚರ್ಚಿನ ಗೋಪುರಗಳ ಒಳಗೆ ಆಗ ಸುಮ್ನೆ ಹೋಗಬಹುದು, ಕೆಲವಕ್ಕೆ ಮಾತ್ರ ಮೊದಲೇ ಬುಕ್ ಮಾಡಬೇಕು. ಸ್ಕಾಟ್ಲೆಂಡಿನಲ್ಲಿ ಇದನ್ನೇ ಡೋರ್ಸ್ ಓಪನ್ ಡೇಸ್ ಅಂತಾರೆ. ನಮ್ಮ ಅಜ್ಜ ಮುತ್ತಜ್ಜಂದಿರಿಗೂ ಅಲ್ಲಿಯ ಗಿರಣಿಗೂ ಏನು ಸಂಬಂಧ ಅಂತ ಕೇಳಬೇಡಿ, ಹುಡುಕೋ ಕ್ರಮ ಕಲಿಯೋದೇ ಅಲ್ಲಿ. ಎಷ್ಟೋ ಕಡೆ ದಾಖಲೆ ಕಚೇರಿಗಳೂ ಆ ದಿನಗಳಲ್ಲಿ ಬಾಗಿಲು ತೆರೆಯುತ್ತವೆ. ಇವರ ಚರ್ಚುಗಳಲ್ಲಿ ಮದುವೆ, ಸಾವು, ನಾಮಕರಣ ಬರೆದಿಡೋ ಪದ್ಧತಿ 1538ರಿಂದ ಇದೆ. ಒಂದು ಮನೆತನವನ್ನು ಹೇಗೆ ಹಿಂದಕ್ಕೆ ಹಿಡಿದು ಹೋಗುತ್ತಾರೆ ಅಂತ ಅಲ್ಲಿಯ ಸ್ವಯಂಸೇವಕರನ್ನು ಕೇಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಇನ್ನು ನಮ್ಮ ಕಾಗದ. ಜಾಸ್ತಿ ಜನ ಎಡವೋದು ಇಲ್ಲೇ. ಹಳೇ ಸರ್ಕಾರಿ ಕಡತ ಅಂದ ತಕ್ಷಣ ಕ್ಯೂ ಅನ್ನೋ ಊರಿನಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ಗೆ ಹೊರಡುತ್ತಾರೆ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಮತ್ತು ಅದರ ನಂತರ ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಂಡ ಇಂಡಿಯಾ ಆಫೀಸಿನ ಕಡತಗಳು ಇರೋದು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಹತ್ತಿರದ ಬ್ರಿಟಿಷ್ ಲೈಬ್ರರಿಯಲ್ಲಿ. ಅಲ್ಲಿ ಕೂತು ಓದೋಕೆ ಬೇಕಾದ ರೀಡರ್ ಪಾಸ್‌ಗೆ ದುಡ್ಡಿಲ್ಲ. ಗುರುತಿನ ಚೀಟಿ, ವಿಳಾಸದ ದಾಖಲೆ ಬೇಕು, ಕಡತ ಮೊದಲೇ ತರಿಸಿಡಲು ಹೇಳಿರಬೇಕು, ಒಳಗೆ ಪೆನ್ನು ಬಿಡೋದಿಲ್ಲ, ಪೆನ್ಸಿಲ್ ಒಯ್ಯಿರಿ.

ಅಲ್ಲಿ ನಿಮ್ಮ ಮುತ್ತಜ್ಜನ ಹೆಸರು ಸಿಕ್ಕೇಬಿಡುತ್ತದೆ ಅಂದುಕೊಳ್ಳಬೇಡಿ. ಊರನ್ನು, ಸೀಮೆಯನ್ನು ಹುಡುಕಿ. 1830ರಲ್ಲಿ ನಗರದ (ಈಗಿನ ಹೊಸನಗರ ತಾಲ್ಲೂಕಿನ ಊರು, ಹಿಂದಿನ ಬಿದನೂರು) ಸೀಮೆಯ ರೈತರು ಕಂದಾಯದ ಹಿಂಸೆ ತಾಳಲಾರದೆ ದಂಗೆ ಎದ್ದರು. ಮರುವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡು 1881ರವರೆಗೆ ನಡೆಸಿದರು. ಹಾಗಾಗಿ ಆ 50 ವರ್ಷ ನಮ್ಮ ಸೀಮೆಯ ವ್ಯವಹಾರವೆಲ್ಲ ಇಂಗ್ಲಿಷ್ ಅಧಿಕಾರಿಗಳ ಕೈಯಲ್ಲಿತ್ತು. ಹುಡುಕುವಾಗ ನಗರ ಅಂತ ಒಂದೇ ಹಾಕಬೇಡಿ, ಬಿದನೂರು ಅಂತಲೂ, ಅವರ ಬಾಯಲ್ಲಿ ಬೆಡ್ನೋರ್ ಆದದ್ದನ್ನೂ ಹಾಕಿ ನೋಡಿ. ಲಂಡನ್ನಿಗೆ ಹೋಗಲಾಗದವರು ಕಂಪನಿಯ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕಾನನ್ ಬರೆದ ಪ್ರವಾಸದ ಸಂಪುಟಗಳನ್ನು ಇಂಟರ್ನೆಟ್ಟಿನಲ್ಲೇ ಓದಿ. ಆತ 1801ರಲ್ಲಿ ಸಾಗರ, ಇಕ್ಕೇರಿ, ನಗರದ ದಾರಿಯಲ್ಲಿ ಬಂದವನು. ಯಾರು ಯಾವ ಜಾತಿ, ಯಾವ ಬೇಸಾಯ, ಅಡಿಕೆ ತೋಟ ಹೇಗೆ ಅಂತ ಕೇಳಿ ಕೇಳಿ ಬರೆದಿದ್ದಾನೆ. ನಮ್ಮ ಕಡೆಯವರು ಓದಲೇಬೇಕು.

ಇದಕ್ಕೆಲ್ಲ ಮೊದಲು ಊರಿಗೆ ಫೋನ್ ಮಾಡಿ. ದೊಡ್ಡಪ್ಪ, ಸೋದರತ್ತೆ, ಯಾರಾದರೂ ಹಿರಿಯರು ಇದ್ದೇ ಇರುತ್ತಾರೆ ಅಲ್ವಾ? ಮನೆದೇವರು ಯಾವುದು, ಹಳೇ ಪಹಣಿಯಲ್ಲಿ ಯಾರ ಹೆಸರಿದೆ, ಯಾವ ಹೋಬಳಿ, ಸರ್ವೆ ನಂಬರ್ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಮುಳುಗಡೆಯವರಾದರೆ ಮುಳುಗಿದ ಊರಿನ ಹೆಸರು ಬೇಕೇ ಬೇಕು. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದ ಮೇಲೆ ಎಷ್ಟೋ ಮನೆತನಗಳು ಶಿವಮೊಗ್ಗದ ಸುತ್ತ ಚದುರಿ ಹೋದವು. ಅವರ ಮೊಮ್ಮಕ್ಕಳಿಗೆ ಹೊಸ ಊರಿನ ಹೆಸರು ಮಾತ್ರ ಗೊತ್ತು. ಹಳೇ ಊರಿನ ಹೆಸರು ಸಿಕ್ಕರೆ ಅದನ್ನು ಹಳೇ ಸರ್ವೆ ನಕ್ಷೆಯಲ್ಲಿ ಹುಡುಕಬಹುದು, ಆ ನಕ್ಷೆಗಳೂ ಬ್ರಿಟಿಷ್ ಲೈಬ್ರರಿಯಲ್ಲಿವೆ.

ರಜೆಗೆ ಬಂದಾಗ ಕೆಳದಿಯ ವಸ್ತು ಸಂಗ್ರಹಾಲಯಕ್ಕೆ ಒಂದು ಪೂರ್ತಿ ದಿನ ಇಡಿ, ತಾಳೆಗರಿ, ಹಳೇ ಕಾಗದ ಅಲ್ಲಿವೆ. ಇಕ್ಕೇರಿ, ನಗರದ ಕೋಟೆ, ಕವಲೇದುರ್ಗಕ್ಕೆ ಮಳೆಗಾಲದಲ್ಲಿ ಬರಬೇಡಿ, ಡಿಸೆಂಬರ್ ಒಳ್ಳೆಯದು. ಮುಳುಗಡೆಯವರು ಮಾತ್ರ ಮೇ ತಿಂಗಳಿಗೇ ರಜೆ ಹಾಕಿ. ನೀರು ಚೆನ್ನಾಗಿ ಇಳಿದ ವರ್ಷ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಹಿರೇಭಾಸ್ಕರದ ಹಳೇ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋದರೆ ಯಾರ ಗದ್ದೆ ಯಾವ ದಿಕ್ಕಿಗಿತ್ತು ಅಂತ ಅವರೇ ತೋರಿಸುತ್ತಾರೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.