ಕಾರ್‌ಶೆಡ್ಡಿನ ಮೂಲೆಗೆ ಮುಮ್ಮೂಲೆಯ ಕಲ್ಲು

ಹೊಸದಾಗಿ ಮನೆ ಕಟ್ಟಿಸಿದ ಬಂಧುಗಳು ಉಡುಪಿಯ ನಮ್ಮ ಮನೆಗೆ ಬಂದಾಗ ಒಳಗಿನ ಕೋಣೆಗಳಿಗಿಂತ ಹೆಚ್ಚು ಹೊತ್ತು ಕಾರ್‌ಶೆಡ್ಡಿನಲ್ಲಿ ನಿಂತು ನೋಡುವುದುಂಟು. ನಮ್ಮಲ್ಲೂ ಇಷ್ಟೇ ಜಾಗ, ಆದರೆ ಕಾರು ನಿಲ್ಲಿಸಿದ ಮೇಲೆ ಒಂದು ಹಿಡಿಸೂಡಿ (ಪೊರಕೆ) ಒರಗಿಸಲೂ ಎಡೆಯಿಲ್ಲ ಎಂಬುದು ಎಲ್ಲರ ಮಾತು. ನಿಜವಾಗಿ ಎಡೆ ಇಲ್ಲದಿರುವುದಿಲ್ಲ. ಇರುವ ಎಡೆಯೆಲ್ಲ ಮೂಲೆಗಳಲ್ಲಿ ಉಳಿದಿರುತ್ತದೆ, ಮತ್ತು ಅಂಗಡಿಯಿಂದ ತಂದ ಚೌಕದ ಕಪಾಟನ್ನು ಅಲ್ಲಿ ತುರುಕಲು ಹೊರಡುವುದರಿಂದ ಅದು ನಮ್ಮ ಕೈಗೆ ಸಿಗುವುದಿಲ್ಲ.

ನಮ್ಮ ಶೆಡ್ಡು 10 ಅಡಿ ಅಗಲ, 18 ಅಡಿ ಉದ್ದ. 4 ಮೀಟರಿನೊಳಗಿನ ಸಣ್ಣ ಕಾರು ಸುಮಾರು 13 ಅಡಿ ಉದ್ದ, ಐದೂವರೆ ಅಡಿಗೆ ತುಸು ಹೆಚ್ಚು ಅಗಲವಿರುತ್ತದೆ. ನಡುವೆ ನಿಲ್ಲಿಸಿದರೆ ಎರಡೂ ಬದಿಯಲ್ಲಿ ತಲಾ ಎರಡು ಅಡಿ ಉಳಿಯುತ್ತದೆ. ಬಾಗಿಲು ತೆರೆದು ಇಳಿಯಲು ಅಷ್ಟೂ ಬೇಕು, ಆದ್ದರಿಂದ ಬದಿಯ ಗೋಡೆಗಳ ಆಸೆಯನ್ನು ಬಿಟ್ಟುಬಿಡಬೇಕು. ಆದರೆ ಕಾರಿನ ಮೂತಿಯನ್ನು ಗಮನಿಸಿ. ಅದು ಚೌಕವಾಗಿಲ್ಲ, ಎರಡೂ ಕಡೆ ದುಂಡಗೆ ಒಳಕ್ಕೆ ಬಾಗಿದೆ. ಗೋಡೆಯ ಮೂಲೆ ಹಿಂದಕ್ಕೆ ಸರಿಯುವಲ್ಲಿಯೇ ಕಾರೂ ಹಿಂದಕ್ಕೆ ಸರಿಯುತ್ತದೆ, ಅವೆರಡರ ನಡುವೆ ಉಳಿಯುವುದು ಮುಮ್ಮೂಲೆಯ, ಅಂದರೆ ತ್ರಿಕೋನದ ಜಾಗ. ಮೊದಲು ಕಾರನ್ನು ಎಂದಿನಂತೆ ನಿಲ್ಲಿಸಿ, ನಾಲ್ಕು ಬಾಗಿಲುಗಳನ್ನೂ ಡಿಕ್ಕಿಯನ್ನೂ ಪೂರ್ತಿ ತೆರೆದು, ಅವು ತಲಪುವಷ್ಟು ದೂರವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿಕೊಳ್ಳಿ. ಗೆರೆಯ ಹೊರಗೆ ಉಳಿದದ್ದು ಮಾತ್ರ ನಮ್ಮದು ಎಂದು ತಿಳಿದು ಮುಂದಿನ ಕೆಲಸಕ್ಕೆ ಕೈಹಾಕಿದರೆ ಆಮೇಲೆ ಬಾಗಿಲಿಗೆ ಗೀರು ಬೀಳುವುದಿಲ್ಲ.

ಮುಮ್ಮೂಲೆಯ ಹಲಗೆಯ ಬದಿಗಳು ಗೋಡೆಯುದ್ದಕ್ಕೆ ಎರಡೆರಡು ಅಡಿ ಇರಲಿ. ಆಗ ಮುಂದಿನ ಅಂಚಿನ ನಡುವಿನಿಂದ ಮೂಲೆಯ ತುದಿಗೆ 17 ಇಂಚು ಬರುತ್ತದೆ, ಕೈ ಚಾಚಿದರೆ ಹಿಂದಿನ ಡಬ್ಬಿ ಸಿಗುತ್ತದೆ. ಮೂರು ಅಡಿಯ ಆಸೆಗೆ ಹೋದರೆ ಅದೇ ದೂರ 25 ಇಂಚು ದಾಟುತ್ತದೆ. ಹಿಂದೆ ಹೋದ ಡಬ್ಬಿ ಕಣ್ಣಿಗೆ ಬೀಳದೆ, ಮನೆಯಲ್ಲಿರುವ ಸಾಮಾನನ್ನೇ ಮತ್ತೊಮ್ಮೆ ಕೊಂಡು ತರುವಂತಾಗುತ್ತದೆ.

ನಾನು ಮೊದಲು ಮಾಡಿಸಿದ್ದು ಗೋಡೆಗೆ ತೂತು ಕೊರೆದು, ಪ್ಲಾಸ್ಟಿಕ್ ಬೆಣೆ ಹಾಕಿ, ಕಬ್ಬಿಣದ ಬ್ರಾಕೆಟ್ಟಿನ ಮೇಲೆ ಹಲಗೆ ಕೂರಿಸುವ ಕೆಲಸ. ನಮ್ಮದು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ. ಮುರಕಲ್ಲಿನ ಮೈತುಂಬ ಸಣ್ಣ ಸಣ್ಣ ಪೊಟರೆಗಳಿರುವುದರಿಂದ ಡ್ರಿಲ್ಲು ಹೋದಲ್ಲೆಲ್ಲ ಕೆಂಪು ಪುಡಿ ಉದುರಿ ತೂತು ಬೇಕಾದುದಕ್ಕಿಂತ ದೊಡ್ಡದಾಗುತ್ತದೆ, ಬೆಣೆ ಅದರಲ್ಲಿ ಗಿರ್ರನೆ ತಿರುಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬ್ರಾಕೆಟ್ಟು ಮುಂದಕ್ಕೆ ಬಾಗಿತು. ಎರಡನೆಯ ಸಲ ನೆಲದ ಮೇಲೆ ನಿಲ್ಲುವ ಕಪಾಟು ಮಾಡಿಸಬೇಕೆಂದು ಅಳತೆ ಹಿಡಿಯುತ್ತಿದ್ದಾಗ, ಅಂಗಳಕ್ಕೆ ಕಲ್ಲು ಹಾಸಲು ಬಂದಿದ್ದ ಮೇಸ್ತ್ರಿ ಕೇಳಿದರು: "ಅಮ್ಮಾ, ಮೂಲೆಗೆ ಕಾಲು ಯಾಕೆ? ಹೊರುವುದಕ್ಕೆ ಎರಡು ಗೋಡೆ ಇದೆಯಲ್ಲ." ಆ ಒಂದು ಮಾತಿನಿಂದ ನನ್ನ ಲೆಕ್ಕಾಚಾರವೆಲ್ಲ ಬದಲಾಯಿತು.

ಅವರು ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದು ನಮ್ಮ ಕರಾವಳಿಯ ಗೋಡೆಗೆ ಹೇಳಿ ಮಾಡಿಸಿದ ಉಪಾಯ. ಡ್ರಿಲ್ಲಿಗೆ ಒಗ್ಗದ ಮುರಕಲ್ಲು ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಎರಡೂ ಗೋಡೆಗಳಲ್ಲಿ ಒಂದೇ ಮಟ್ಟದಲ್ಲಿ ಎರಡಿಂಚು ಆಳದ ಉದ್ದನೆಯ ಸೀಳನ್ನು ಕೊಚ್ಚಿ, ಒಂದಿಂಚು ದಪ್ಪದ ಕಡಪ ಕಲ್ಲನ್ನು ಮುಮ್ಮೂಲೆಯಾಗಿ ಕತ್ತರಿಸಿ, ಮುಂದಿನಿಂದ ಮೂಲೆಯ ಕಡೆಗೆ ನೇರವಾಗಿ ತಳ್ಳಿದರೆ ಕಲ್ಲಿನ ಎರಡೂ ಬದಿಗಳು ಏಕಕಾಲಕ್ಕೆ ಗೋಡೆಯೊಳಗೆ ಹೋಗಿ ಕೂರುತ್ತವೆ. ಬ್ರಾಕೆಟ್ಟು ಬೇಡ, ಕಾಲು ಬೇಡ, ತುಕ್ಕಿನ ಮಾತಿಲ್ಲ, ಒರಲೆಗೆ (ಗೆದ್ದಲಿಗೆ) ತಿನ್ನಲು ಏನೂ ಇಲ್ಲ. ಕಲ್ಲು ಕತ್ತರಿಸುವ ಮೊದಲು ಮೂಲೆಯನ್ನು ಪರೀಕ್ಷಿಸಲೇಬೇಕು. ಒಂದು ಗೋಡೆಯಲ್ಲಿ ಮೂಲೆಯಿಂದ 3 ಅಡಿಗೆ, ಇನ್ನೊಂದರಲ್ಲಿ 4 ಅಡಿಗೆ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಟೇಪು ಹಿಡಿದಾಗ ಸರಿಯಾಗಿ 5 ಅಡಿ ಬಂದರೆ ಮೂಲೆ ನೆಟ್ಟಗಿದೆ. ಅದು ಸರಿಯಾಗಿ ಬಂದ ಮನೆಯನ್ನು ನಾನು ಕಂಡದ್ದು ಕಡಿಮೆ. ಆದ್ದರಿಂದ ದಪ್ಪ ರಟ್ಟನ್ನು ಮೂಲೆಗೆ ಹೊಂದುವಂತೆ ಕತ್ತರಿಸಿ, ಗೋಡೆಯೊಳಗೆ ಹೋಗುವ ಎರಡಿಂಚಿನ ಲೆಕ್ಕವನ್ನೂ ಅದರ ಮೇಲೆಯೇ ಬರೆದು, ಆ ರಟ್ಟನ್ನು ಕಲ್ಲು ಕತ್ತರಿಸುವವರ ಕೈಗೆ ಕೊಡುವುದು ಕ್ಷೇಮ.

ಇನ್ನೆರಡು ಸಣ್ಣ ಸಂಗತಿಗಳನ್ನು ಅವರಿಗೆ ಮರೆಯದೆ ಹೇಳಿ. ಮೂಲೆಗೆ ತಾಗುವ ಚೂಪು ತುದಿಯನ್ನು ಕತ್ತರಿಸಿ ತೆಗೆಸಿ, ಕಲ್ಲು ಕೂತ ಮೇಲೆ ಅಲ್ಲಿ ಎರಡು ಬೆರಳು ಹೋಗುವಷ್ಟು ಕಂಡಿ ಉಳಿಯಬೇಕು. ಗುಡಿಸಿದಾಗ ಕಸ ಆ ಕಂಡಿಯಿಂದ ಕೆಳಗೆ ಬೀಳುತ್ತದೆ, ಗಾಳಿಯಾಡುತ್ತದೆ, ಜಿರಳೆಗೆ ಗೂಡು ಸಿಗುವುದಿಲ್ಲ. ಮುಂದಿನ ಅಂಚನ್ನು ಉಜ್ಜಿ ದುಂಡಗೆ ಮಾಡಿಸಿ, ಕತ್ತಲೆಯಲ್ಲಿ ಮಕ್ಕಳ ಹಣೆಗೆ ತಾಗುವುದು ಅದೇ. ಇಂಥ ಒಂದು ಕಲ್ಲು ಹೆಚ್ಚುಕಡಿಮೆ 15 ಕಿಲೋ ತೂಗುವುದರಿಂದ ಕೂರಿಸುವಾಗ ಇಬ್ಬರು ಬೇಕು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ತುಂಬಿ, ರಸಮಟ್ಟ ಇಟ್ಟು ನೋಡಿ, ಅಡಿಗೆ ಊರುಗೋಲು ಕೊಟ್ಟು, ಒಂದು ವಾರ ನೀರು ಚಿಮುಕಿಸುತ್ತಿರಬೇಕು. ಅಲ್ಲಿಯವರೆಗೆ ಅದರ ಮೇಲೆ ಒಂದು ಚೊಂಬನ್ನೂ ಇಡಬಾರದು.

ಒಂದು ಎಚ್ಚರಿಕೆ. ಈಚಿನ ಮನೆಗಳಲ್ಲಿ ಮೂಲೆಗೆ ಸರಿಯಾಗಿ ಕಾಂಕ್ರೀಟಿನ ಪಿಲ್ಲರು ಇರುತ್ತದೆ. ಅದನ್ನು ಯಾವ ಕಾರಣಕ್ಕೂ ಕೊಚ್ಚಿಸಬೇಡಿ. ಒಳಗಿನ ಸರಳಿಗೆ ಕಡಲ ಗಾಳಿ ತಾಗಿದರೆ ತುಕ್ಕು ಹಿಡಿದು ಉಬ್ಬಿ ಪಿಲ್ಲರನ್ನೇ ಸೀಳುತ್ತದೆ. ಅಂಥ ಮನೆಯವರು ಕೊಚ್ಚುವ ಕೆಲಸವನ್ನು ಬಿಟ್ಟು, ಎಂಜಿನಿಯರರನ್ನು ಕೇಳಿಯೇ ಆ್ಯಂಕರ್ ಬೋಲ್ಟಿನಲ್ಲಿ ಆಂಗಲ್ ಕೂರಿಸಿ, ಐಎಸ್ 710 ಎಂಬ ಮುದ್ರೆಯಿರುವ ಮರೀನ್ ಪ್ಲೈವುಡ್ಡಿನ ಹಲಗೆ ಹಾಕಿಸಲಿ.

ಸಾಮಾನ್ಯ ಮರವನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಗಳಲ್ಲಿ ಆಟಿ ತಿಂಗಳು (ಜುಲೈ-ಆಗಸ್ಟ್) ಬಂತೆಂದರೆ ಮೂಲೆಯ ಗೋಡೆ ಮುಟ್ಟಿದರೆ ತಣ್ಣಗಿರುತ್ತದೆ, ಮತ್ತು ಒರಲೆ ಇಷ್ಟಪಡುವುದು ಅದನ್ನೇ. ನಮ್ಮ ಹಳೆಯ ಮಾವಿನ ಹಲಗೆಯ ಕಪಾಟು ಹೊರಗಿನಿಂದ ಬಣ್ಣ ಮಾಸದೆ ನಿಂತಿತ್ತು. ಒಂದು ದಿನ ಅದರ ಕಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಹಪ್ಪಳದಂತೆ ಮುರಿದು ಬೆರಳು ಒಳಗೆ ಹೋಯಿತು. ಒಳಗೆ ಮರವೇ ಇರಲಿಲ್ಲ, ಒದ್ದೆ ಮಣ್ಣಿತ್ತು. ಅಂದಿನಿಂದ ಕೆಳಗಿನ ಕಲ್ಲನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಕೂರಿಸಿ, ಅದರಡಿಯ ನೆಲವನ್ನು ಪೂರ್ತಿ ಖಾಲಿ ಬಿಡುವ ಕ್ರಮವನ್ನು ಪಾಲಿಸುತ್ತಿದ್ದೇನೆ. ನೆಲ ಕಾಣುತ್ತಿದ್ದರೆ ಗೋಡೆಯಲ್ಲಿ ಒರಲೆಯ ಮಣ್ಣಿನ ಗೆರೆ ಏರುವಾಗಲೇ ಕಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಟಾರ್ಚು ಹಿಡಿದು ನೋಡಿದರೆ ಸಾಕು. ಇಲಿಯನ್ನು ಹುಡುಕಿಕೊಂಡು ಬರುವ ಹಾವಿಗೂ ತೆರೆದ ನೆಲದಲ್ಲಿ ಅಡಗುವ ಜಾಗವಿರುವುದಿಲ್ಲ.

ಯಾವ ಕಲ್ಲಿನ ಮೇಲೆ ಏನಿಡಬೇಕೆಂಬುದಕ್ಕೆ ಭಾರದ್ದು ಕೆಳಗೆ, ವಿಷದ್ದು ಮಕ್ಕಳ ಕೈಗೆ ಸಿಗದಷ್ಟು ಮೇಲೆ ಎಂಬ ಮಾತು ಎಲ್ಲರಿಗೂ ಗೊತ್ತಿದೆ. ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂಬುದು ಅದಕ್ಕಿಂತ ಮುಖ್ಯ. ಬಾವಿಗೆ ಹಾಕುವ, ಅಂಗಳದ ಪಾಚಿಗೆ ಚೆಲ್ಲುವ ಬ್ಲೀಚಿಂಗ್ ಪೌಡರನ್ನು ಕತ್ತಿ, ಸ್ಪ್ಯಾನರುಗಳಿರುವ ಮೂಲೆಯಲ್ಲಿ ಇಡಬಾರದು. ಅದರಿಂದೇಳುವ ಕ್ಲೋರಿನ್ ಆವಿಗೆ ಎಣ್ಣೆ ಸವರಿದ ಕಬ್ಬಿಣವೂ ಕೆಂಪಾಗುತ್ತದೆ. ಅಡಿಕೆಗೆ ಹೊಡೆಯುವ ಮೈಲುತುತ್ತೂ ಹಾಗೆಯೇ ಕಬ್ಬಿಣವನ್ನು ತಿನ್ನುವ ವಸ್ತು, ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಲ್ಲದೆ ತಗಡಿನಲ್ಲಿ ಇಡಬೇಡಿ. ನಾವು ಇವೆರಡಕ್ಕೂ ಮುಚ್ಚಳ ಬಿಗಿಯಾದ ಬೇರೆ ಬೇರೆ ಡಬ್ಬಿ ಮಾಡಿ, ಒಂದು ಮೂಲೆಯನ್ನು ಅವುಗಳಿಗೇ ಬಿಟ್ಟು, ಕಬ್ಬಿಣವನ್ನು ಎದುರಿನ ಮೂಲೆಗೆ ಸಾಗಿಸಿದ್ದೇವೆ. ಇನ್‌ವರ್ಟರಿನ ಬ್ಯಾಟರಿ ಶೆಡ್ಡಿನಲ್ಲಿದ್ದರೆ ಪೆಟ್ರೋಲ್ ಕ್ಯಾನು, ತಿನ್ನರ್ ಅಲ್ಲಿ ಇರಲೇಬಾರದು. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಪೆಟ್ರೋಲಿನ ಆವಿ ನೆಲದ ಮೇಲೆ ಹರಡಿ ನಿಲ್ಲುತ್ತದೆ, ಒಂದು ಕಿಡಿಗೆ ಎರಡೂ ಕಾದಿರುತ್ತವೆ.

ಗೇಟಿನ ಕಡೆಯ ಎರಡು ಮೂಲೆಗಳಿಗೆ ಪಡುವಣ ಗಾಳಿಯ ಮಳೆ ಹೊಡೆಯುವುದರಿಂದ ಅಲ್ಲಿ ಕಲ್ಲು ಹಾಕಿಸಲಿಲ್ಲ. ಒದ್ದೆಯಾದರೂ ಕೆಡದ ಉದ್ದನೆಯ ಸಾಮಾನು ಅಲ್ಲಿಗೆ ಸರಿ. ತೆಂಗಿನಕಾಯಿ ಕೀಳುವ ದೋಟಿ, ಬೂಜುಕೋಲು, ಕಡ್ಡಿ ಹಿಡಿಸೂಡಿ, ಗುದ್ದಲಿ ಇವನ್ನೆಲ್ಲ ಒರಗಿಸಿಟ್ಟರೆ ಒಂದನ್ನು ಎಳೆದಾಗ ಉಳಿದವು ಕಾರಿನ ಮೇಲೆ ಬೀಳುತ್ತವೆ. ನಾಲ್ಕಿಂಚಿನ ಪಿವಿಸಿ ಪೈಪನ್ನು ಒಂದೊಂದು ಅಡಿಯ ತುಂಡು ಮಾಡಿ, ನೆಲದಿಂದ ಒಂದು ಗೇಣು ಮೇಲೆ ಮೂಲೆಯ ಎರಡೂ ಗೋಡೆಗಳಿಗೆ ಕ್ಲಾಂಪಿನಿಂದ ಬಿಗಿದರೆ, ಒಂದೊಂದು ಕೋಲು ತನ್ನ ತನ್ನ ಪೈಪಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಪೈಪಿನ ಅಡಿಬಾಯಿಯನ್ನು ಮುಚ್ಚಬಾರದು, ನೀರು ಇಳಿದುಹೋಗಬೇಕು. ಕೋಲಿನ ತುದಿ ಊರುವಲ್ಲಿ ಒಂದು ಒಡೆದ ಹೆಂಚಿನ ಚೂರು ಇಟ್ಟರೆ ನೆಲದ ತೇವ ಬಿದಿರಿಗೆ ನೇರವಾಗಿ ತಾಗುವುದಿಲ್ಲ. ದೋಟಿಯ ಮೇಲ್ತುದಿಗೆ ಮಾತ್ರ, ಅದು ಎಷ್ಟೇ ಭದ್ರವಾಗಿ ನಿಂತಂತೆ ಕಂಡರೂ, ಗೋಡೆಯ ಕೊಕ್ಕೆಗೆ ಕಟ್ಟಿದ ಒಂದು ಸುತ್ತು ಹಗ್ಗ ಇರಲಿ. ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಪತ್ತನಾಜೆಯ ದಿನಕ್ಕೆ ಮೊದಲು, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ, ಈ ಎಲ್ಲವನ್ನೂ ಒಮ್ಮೆ ಅಂಗಳಕ್ಕೆ ತೆಗೆದು ಬಿಸಿಲಿಗೆ ಹಾಕಿ, ಕಬ್ಬಿಣಕ್ಕೆ ಎಣ್ಣೆ ಸವರಿ, ಖಾಲಿ ಮೂಲೆಗಳನ್ನು ತೊಳೆದು ಒಣಗಿಸಿಯೇ ಮತ್ತೆ ಒಳಗಿಡುತ್ತೇವೆ.